ಜೋಳದ ಋಣವೂ ವಿದ್ಯೆಯ ಋಣವೂ

ಉಂಡ ಮನೆಯ ಗಳ ಎಣಿಸಬಾರದೆಂಬುದು ಕನ್ನಡನಾಡಿನ ಹಳೆಯ ಮಾತು. ಒಬ್ಬನ ಅನ್ನವನ್ನುಂಡು ಮತ್ತೊಬ್ಬನ ಪಕ್ಷವನ್ನು ಸೇರಿದವನನ್ನು ಲೋಕವು ಎಂದೂ ಮನಸಾರೆ ಕ್ಷಮಿಸಿದುದಿಲ್ಲ. ಆದರೂ ಕೈಯ ವಿದ್ಯೆಯಿಂದಲೋ ಮೈಯ ಬಲದಿಂದಲೋ ಜೀವಿಸತಕ್ಕವನು ಒಬ್ಬ ಪೋಷಕನನ್ನು ಬಿಟ್ಟು ಇನ್ನೊಬ್ಬನ ಬಳಿಗೆ ಹೋಗುವುದು ದಿನದಿನವೂ ನಡೆಯುತ್ತಿರುವ ಸಂಗತಿ. ಅಂಥವನು ಎಲ್ಲಿಯವರೆಗೆ ನಿರ್ದೋಷಿ, ಎಲ್ಲಿಂದ ಮುಂದೆ ದ್ರೋಹಿ? ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳನ್ನು ಒಂದೇ ಅಂಗಳದಲ್ಲಿ ಕಾಣಬಯಸುವವರು ಹಳೇಬೀಡಿಗೆ ಹೋಗಬೇಕು.

ಹೊಯ್ಸಳೇಶ್ವರ ದೇವಾಲಯದ ಬಳಿಯಲ್ಲಿ ಒಂದು ಕಂಬವು ನಿಂತಿದೆ. ಅದು ಇಮ್ಮಡಿ ವೀರಬಲ್ಲಾಳನ ಮಂತ್ರಿಯೂ ಅಂಗರಕ್ಷಕನೂ ಆಗಿದ್ದ ಕುವರ ಲಕ್ಷ್ಮನ ಸ್ಮಾರಕ. ೧೨೨೦ರಲ್ಲಿ ಅರಸನು ತೀರಿಕೊಂಡ ಮೇಲೆ ಲಕ್ಷ್ಮನು ಮಡದಿಯೊಡನೆ ಪ್ರಾಣವನ್ನು ನೀಗಿದನು. ಕಂಬದ ಮೇಲಣ ಶಿಲ್ಪಗಳಲ್ಲಿ ವೀರರು ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವರು. ಇಂತಹವರನ್ನು ಗರುಡರೆಂದು ಕರೆಯುತ್ತಿದ್ದರು. ಒಡೆಯನು ಕೊಟ್ಟ ಅನ್ನದ ಋಣವನ್ನು ರಣದಲ್ಲಿ ತೀರಿಸುವುದಕ್ಕೆ ಜೋಳವಾಳಿಯೆಂದು ಹೆಸರು; ಒಡೆಯನು ಸತ್ತ ವೇಳೆಗೆ ತಾನೂ ಸಾಯುವೆನೆಂಬ ವ್ರತಕ್ಕೆ ವೇಳೆವಾಳಿಯೆಂದು ಹೆಸರು. ಸ್ವಾಮಿನಿಷ್ಠೆಗೆ ಇದಕ್ಕಿಂತ ಮಿಗಿಲಾದ ಪರಾಕಾಷ್ಠೆಯನ್ನು ಊಹಿಸುವುದು ಕಷ್ಟ.

ಇನ್ನು ದೇವಾಲಯದ ಭಿತ್ತಿಯ ಕಡೆಗೆ ತಿರುಗಿದರೆ ಬೇರೊಂದು ಬಗೆಯ ಜನರ ನೆನಪು ಬರುವುದು. ಹೊಯ್ಸಳ ಶಿಲ್ಪಿಗಳಲ್ಲಿ ಅನೇಕರು ತಾವು ಕಡೆದ ಮೂರ್ತಿಯ ಪೀಠದಲ್ಲಿ ತಮ್ಮ ಹೆಸರನ್ನೂ ಬಿರುದನ್ನೂ ಕೊರೆದಿದ್ದಾರೆ. ಬೇಲೂರಿನಲ್ಲಿ ಕೆಲಸ ಮಾಡಿದ ದಾಸೋಜನೂ ಆತನ ಮಗ ಚಾವಣನೂ ಬಳ್ಳಿಗಾವೆಯವರು. ಚಾಲುಕ್ಯರ ಕಾಲದಲ್ಲಿ ಹೆಸರಾದ ಊರಿನಿಂದ ಹೊಯ್ಸಳರ ಕೆಲಸಕ್ಕೆ ಬಂದವರು. ಮಲ್ಲಿತಮ್ಮನೆಂಬ ಹೆಸರು ೧೧೯೬ರ ಅಮೃತಾಪುರದ ಶಿವಾಲಯದಲ್ಲಿ ಕಾಣುವುದು. ೧೨೪೬ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಕಾಣುವುದು. ಆಮೇಲೆ ಸೋಮನಾಥಪುರದ ಕೇಶವಾಲಯದಲ್ಲಿಯೂ ಕಾಣುವುದು. ಅಮೃತೇಶ್ವರ ದಂಡನಾಯಕ, ಬೊಮ್ಮಣ್ಣ ದಂಡನಾಯಕ, ಸೋಮನಾಥ ದಂಡನಾಯಕ ಎಂದು ಮೂವರು ಬೇರೆಬೇರೆ ಪೋಷಕರು; ಹರನೊಂದೆಡೆ, ಹರಿಯೊಂದೆಡೆ. ಹಳೇಬೀಡಿನಲ್ಲಿಯೇ ಹೊಯ್ಸಳೇಶ್ವರಕ್ಕೆ ಕೂಗಳತೆಯ ಬಸದಿಹಳ್ಳಿಯಲ್ಲಿ, ಗಂಗರಾಜನ ನೆನಪಿಗಾಗಿ ಆತನ ಮಗ ಬೊಪ್ಪನು ೧೧೩೩ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯೂ ಇದೆ. ಕಲ್ಲು ಅದೇ, ಉಳಿ ಅದೇ, ಶೈಲಿಯೂ ಅದೇ. ದೈವ ಮಾತ್ರ ಬೇರೆ.

ಈ ಶಿಲ್ಪಿಗಳನ್ನು ಯಾರೂ ದ್ರೋಹಿಗಳೆಂದು ಹಳಿದಂತಿಲ್ಲ. ಗರುಡನನ್ನು ಕಂಬ ನೆಟ್ಟು ಗೌರವಿಸಿದ ಸಮಾಜವೇ ಊರಿಂದೂರಿಗೆ ಹೋದ ಶಿಲ್ಪಿಯ ಹೆಸರನ್ನು ದೇವರ ಪೀಠದಲ್ಲಿ ಉಳಿಯಗೊಟ್ಟಿತು. ಇದು ವಿರೋಧವೆಂದು ತೋರಿದರೂ ವಿರೋಧವಲ್ಲ. ಗರುಡನು ಅರಸನಿಗೆ ಒಪ್ಪಿಸಿದ್ದುದು ತನ್ನನ್ನೇ. ಶಿಲ್ಪಿಯು ಪೋಷಕನಿಗೆ ಒಪ್ಪಿಸಿದ್ದುದು ತನ್ನ ಕೆಲಸವನ್ನು. ಮೊದಲನೆಯವನ ಒಡೆಯನು ಅರಸು, ಎರಡನೆಯವನ ಒಡೆಯನು ವಿದ್ಯೆ. ಒಬ್ಬನಿಂದ ಕೇಳತಕ್ಕುದನ್ನು ಇನ್ನೊಬ್ಬನಿಂದ ಕೇಳುವುದು ಅನ್ಯಾಯ.

ಹಾಗಾದರೆ ಹಣಕ್ಕಾಗಿ ಆಡುವ ಆಟಗಾರನು ಈ ಇಬ್ಬರಲ್ಲಿ ಯಾರನ್ನು ಹೋಲುವನು? ಆತನು ಒಂದು ತಂಡದ ಬಣ್ಣವನ್ನು ತೊಟ್ಟು ಸೈನಿಕನಂತೆ ಕಾದುವನು. ಆದುದರಿಂದ ನೋಡುವವರು ಆತನಲ್ಲಿ ಗರುಡನ ನಿಷ್ಠೆಯನ್ನು ಬಯಸುವರು. ಆದರೆ ಆತನು ಜೀವಿಸುವುದು ಶಿಲ್ಪಿಯಂತೆ, ಅಭ್ಯಾಸದಿಂದ ಗಳಿಸಿದ ನೈಪುಣ್ಯದಿಂದ. ಈ ದ್ವಂದ್ವವು ಅತ್ಯಂತ ತೀವ್ರವಾಗಿ ಕಾಣಿಸಿಕೊಂಡುದು ಇಂಗ್ಲೆಂಡಿನ ರಗ್ಬಿ ಎಂಬ ಆಟದಲ್ಲಿ. ಕನ್ನಡದ ವಾಚಕರಲ್ಲಿ ಹಲವರಿಗೆ ಆ ಆಟದ ಪರಿಚಯವಿರಲಾರದು. ಆದರೆ ಅದರ ಚರಿತ್ರೆಯು ಒಂದು ಧರ್ಮಸೂಕ್ಷ್ಮದ ಚರಿತ್ರೆಯಾಗಿರುವುದರಿಂದ ಸಂಗ್ರಹವಾಗಿ ಹೇಳುವುದು ಅವಶ್ಯ.

ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಎದುರಾಳಿಗಳ ಗೆರೆಯನ್ನು ದಾಟಿ ನೆಲಕ್ಕೆ ಮುಟ್ಟಿಸುವುದು ಈ ಆಟದ ತಿರುಳು. ಮೊದಲು ಇದು ಶ್ರೀಮಂತರ ಮಕ್ಕಳು ಓದುವ ಶಾಲೆಗಳಲ್ಲಿ ಬೆಳೆಯಿತು; ತರುವಾಯ ಉತ್ತರ ಇಂಗ್ಲೆಂಡಿನ ಗಿರಣಿಗಳ ಮತ್ತು ಗಣಿಗಳ ಕೂಲಿಕಾರರು ಅದನ್ನು ಅಪ್ಪಿಕೊಂಡರು. ಶನಿವಾರದ ಆಟಕ್ಕಾಗಿ ಕೆಲಸವನ್ನು ಬಿಟ್ಟು ಬಂದ ಕೂಲಿಕಾರನಿಗೆ ಅಂದಿನ ಕೂಲಿ ಹೋಗುತ್ತಿತ್ತು. ಆ ನಷ್ಟವನ್ನಾದರೂ ತುಂಬಿಕೊಡಬೇಕೆಂದು ಉತ್ತರದವರು ೧೮೯೩ರಲ್ಲಿ ಆಡಳಿತಸಭೆಯನ್ನು ಕೇಳಿಕೊಂಡರು. ೨೮೨ ಮತಗಳು ವಿರುದ್ಧವಾಗಿಯೂ ೧೩೬ ಮತಗಳು ಪರವಾಗಿಯೂ ಬಂದು ಪ್ರಾರ್ಥನೆಯು ಬಿದ್ದುಹೋಯಿತು. ಆಟವು ವಿನೋದಕ್ಕಾಗಿ, ಅದರಲ್ಲಿ ಕಾಸಿನ ಸೋಂಕು ಇರಕೂಡದು ಎಂಬುದು ಆ ಸಭೆಯ ನಿಲುವು. ೧೮೯೫ನೆಯ ಇಸವಿ ಆಗಸ್ಟ್ ೨೯ರಂದು ಉತ್ತರದ ಸಂಘಗಳು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆಯಾದವು. ಕಳೆದುಹೋದ ದಿನಕ್ಕೆ ಆರು ಷಿಲಿಂಗುಗಳವರೆಗೆ ಕೊಡಬಹುದೆಂದು ಅವು ಗೊತ್ತುಮಾಡಿದವು. ಬಳಿಕ ಆಟದ ನಿಯಮಗಳನ್ನೂ ಬದಲಾಯಿಸಿ, ೧೯೦೬ರಲ್ಲಿ ಹದಿನೈದು ಮಂದಿಯ ತಂಡವನ್ನು ಹದಿಮೂರಕ್ಕೆ ಇಳಿಸಿದವು. ಹೀಗೆ ಒಂದು ಆಟವು ಎರಡಾಯಿತು. ಹಳೆಯ ಪಂಥಕ್ಕೆ ಯೂನಿಯನ್ ಎಂದೂ ಹೊಸ ಪಂಥಕ್ಕೆ ಲೀಗ್ ಎಂದೂ ಹೆಸರುಗಳು ನಿಂತವು.

ಯೂನಿಯನ್ ಪಂಥದವರು ಒಂದು ಕಠೋರವಾದ ಕಟ್ಟಳೆಯನ್ನು ಮಾಡಿದರು. ಲೀಗಿಗೆ ಹೋದವನು ಮತ್ತೆ ಯೂನಿಯನ್ ಆಡುವಂತಿಲ್ಲ. ಬಹುಕಾಲದವರೆಗೆ, ಒಂದು ಕಾಸನ್ನೂ ಪಡೆಯದೆ ಅಲ್ಲಿ ಆಡಿದವನಿಗೂ ಇದೇ ಗತಿ. ಜಾತಿಯಿಂದ ಹೊರಹಾಕುವ ಬಹಿಷ್ಕಾರಕ್ಕೆ ಇದು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ವೇಲ್ಸ್ ದೇಶದ ಡೇವಿಡ್ ವಾಟ್ಕಿನ್ಸ್ ೧೯೬೭ರಲ್ಲಿ ಸಾಲ್‌ಫರ್ಡ್ ತಂಡವನ್ನು ಸೇರಿದನು. ಅದೇ ದೇಶದ ನಾಯಕನಾಗಿದ್ದ ಜೊನಾಥನ್ ಡೇವಿಸ್ ೧೯೮೯ರಲ್ಲಿ ವಿಡ್ನೆಸ್ ತಂಡವನ್ನು ಸೇರಿದನು. ಇಬ್ಬರಿಗೂ ತಾಯ್ನಾಡಿನ ಯೂನಿಯನ್ ತಂಡದ ಬಾಗಿಲು ಮುಚ್ಚಿತು.

ಇಲ್ಲಿ ವಿಚಾರಿಸತಕ್ಕ ಮೊದಲನೆಯ ಸಂಗತಿ ಯಾವುದೆಂದರೆ, ಜೋಳವಿಲ್ಲದೆ ಜೋಳವಾಳಿಯನ್ನು ಕೇಳಬಹುದೇ ಎಂಬುದು. ಹೊಯ್ಸಳ ಅರಸನು ಗರುಡನಿಂದ ಪ್ರಾಣವನ್ನು ಪಡೆದನು, ನಿಜ. ಆದರೆ ಅದಕ್ಕೆ ಮುಂಚೆ ಅನ್ನವನ್ನೂ ಪದವಿಯನ್ನೂ ಮನ್ನಣೆಯನ್ನೂ ಕೊಟ್ಟಿದ್ದನು. ಯೂನಿಯನ್ ಸಭೆಯು ಗಣಿಗಾರನಿಗೆ ಕಳೆದುಹೋದ ಕೂಲಿಯನ್ನು ಸಹ ಕೊಡಲೊಲ್ಲದೆ, ಆತನು ಜನ್ಮಪರ್ಯಂತ ತನಗೆ ನಿಷ್ಠನಾಗಿರಬೇಕೆಂದು ವಿಧಿಸಿತು. ಆಸ್ತಿವಂತನಿಗೆ ಈ ವ್ರತವು ಸುಲಭ, ಏಕೆಂದರೆ ಆತನ ಅನ್ನವು ಬೇರೆ ಕಡೆಯಿಂದ ಬರುತ್ತಿತ್ತು. ಬಡವನಿಗೆ ಅದು ಉಪವಾಸವ್ರತ. ತ್ಯಾಗವೆಂಬುದು ಸ್ವೇಚ್ಛೆಯಿಂದ ಮಾಡಿದಾಗ ಪುಣ್ಯ. ಒಬ್ಬನ ತ್ಯಾಗವನ್ನು ಮತ್ತೊಬ್ಬನು ನಿಯಮವಾಗಿ ವಿಧಿಸಿದರೆ ಅದು ಸುಲಿಗೆಯ ಒಂದು ರೂಪ.

ಎರಡನೆಯದಾಗಿ, ಆ ಕಟ್ಟಳೆಯು ಧರ್ಮವಾಗಿದ್ದಿತೋ ಅಥವಾ ಕೇವಲ ಕಟ್ಟಳೆಯೋ ಎಂಬುದನ್ನು ಅದರ ಅಂತ್ಯದಿಂದಲೇ ತಿಳಿಯಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಿದವರ ಮಟ್ಟಿಗೆ ಬಹಿಷ್ಕಾರವನ್ನು ಸಡಿಲಿಸಿದರು. ೧೯೪೩ರಲ್ಲಿಯೂ ೧೯೪೪ರಲ್ಲಿಯೂ ಎರಡು ಪಂಥದವರು ಯೂನಿಯನ್ ನಿಯಮಗಳಂತೆಯೇ ಎದುರೆದುರಾಗಿ ಆಡಿದರು. ಎರಡು ಸಲವೂ ಲೀಗಿನವರೇ ಗೆದ್ದರು. ಯುದ್ಧವು ಮುಗಿಯುತ್ತಲೇ ಮಡಿಯು ಮತ್ತೆ ಬಂದಿತು. ಕೊನೆಗೆ ೧೯೯೫ರ ಆಗಸ್ಟಿನಲ್ಲಿ ಯೂನಿಯನ್ ಪಂಥದ ಅಂತಾರಾಷ್ಟ್ರೀಯ ಸಭೆಯು ಪ್ಯಾರಿಸಿನಲ್ಲಿ ಸೇರಿ, ಆಟಗಾರರು ವೇತನ ಪಡೆಯಬಹುದೆಂದು ಸಾರಿತು. ನೂರು ವರ್ಷಗಳ ಪಾತಕವು ಒಂದು ನಿರ್ಣಯದಿಂದ ನಿರ್ದೋಷವಾಯಿತು. ಅದೇ ವರ್ಷ ಡೇವಿಸನು ಕಾರ್ಡಿಫ್ ತಂಡಕ್ಕೆ ಮರಳಿ, ಮುಂದೆ ತನ್ನ ದೇಶಕ್ಕಾಗಿ ಪುನಃ ಯೂನಿಯನ್ ಆಡಿದನು. ಸತ್ಯ, ಅಹಿಂಸೆ ಮೊದಲಾದುವು ಸಭೆಯ ನಿರ್ಣಯದಿಂದ ಹುಟ್ಟುವುವೂ ಅಲ್ಲ, ಸಾಯುವುವೂ ಅಲ್ಲ. ಒಂದು ದಿನದಲ್ಲಿ ರದ್ದಾಗುವ ಪಾಪವು ಪಾಪವಾಗಿಯೇ ಇರಲಿಲ್ಲ. ಆದರೆ ಅದರ ನಡುವೆ ಬಹಿಷ್ಕೃತರಾಗಿ ಬಾಳಿ ಮುಗಿಸಿದವರಿಗೆ ಆ ನಿರ್ಣಯವು ಏನನ್ನೂ ಹಿಂದಿರುಗಿಸಲಿಲ್ಲ.

ಪಂಥವನ್ನು ಬದಲಿಸಿದವನು ಹಣದಾಸೆಯಿಂದ ಸುಲಭದ ದಾರಿಯನ್ನು ಹಿಡಿದನೆಂಬ ಆಕ್ಷೇಪವೂ ಉಂಟು. ಇದಕ್ಕೆ ೧೯೯೬ರ ಮೇ ತಿಂಗಳ ಒಂದು ಪರೀಕ್ಷೆಯೇ ಉತ್ತರವನ್ನು ಕೊಡುವುದು. ಲೀಗಿನ ಹೆಸರಾಂತ ವಿಗನ್ ತಂಡವೂ ಯೂನಿಯನ್ನಿನ ಹೆಸರಾಂತ ಬಾತ್ ತಂಡವೂ ಎರಡು ಸಲ ಎದುರಾದವು. ಲೀಗಿನ ನಿಯಮಗಳಂತೆ ಆಡಿದಾಗ ವಿಗನ್ ೮೨, ಬಾತ್ ೬. ಯೂನಿಯನ್ ನಿಯಮಗಳಂತೆ ಆಡಿದಾಗ ಬಾತ್ ೪೪, ವಿಗನ್ ೧೯. ಒಂದು ಪಂಥದ ಪಂಡಿತನು ಇನ್ನೊಂದರಲ್ಲಿ ಬಹುಮಟ್ಟಿಗೆ ವಿದ್ಯಾರ್ಥಿಯೇ ಎಂಬುದು ಇದರಿಂದ ಸ್ಪಷ್ಟ. ವಿಗನ್ ತಂಡದಲ್ಲಿ ಬೆಳೆದ ಜೇಸನ್ ರಾಬಿನ್‌ಸನ್ ೨೦೦೦ದಲ್ಲಿ ಯೂನಿಯನ್ ಪಂಥದ ಸೇಲ್ ತಂಡಕ್ಕೆ ಬಂದನು. ಪಾದದ ಚುರುಕು ಆತನೊಡನೆ ಬಂದಿತು. ಆದರೆ ಚೆಂಡನ್ನು ಎಲ್ಲಿ ಒದೆಯಬೇಕು, ಎಲ್ಲಿ ನಿಲ್ಲಬೇಕು, ಯಾವ ಗುಂಪಿನಲ್ಲಿ ನುಗ್ಗಬೇಕು ಎಂಬುದನ್ನು ಹೊಸದಾಗಿ ಕಲಿಯಬೇಕಾಯಿತು. ೨೦೦೩ರ ವಿಶ್ವಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಪರವಾಗಿ ಗೆರೆ ದಾಟಿ ಚೆಂಡನ್ನು ಊರಿದವನು ಆತನೊಬ್ಬನೇ. ಶಿವನ ಧ್ಯಾನಶ್ಲೋಕವನ್ನು ಬಲ್ಲ ಶಿಲ್ಪಿಯು ಕೇಶವನ ಇಪ್ಪತ್ತನಾಲ್ಕು ರೂಪಗಳ ಆಯುಧಕ್ರಮವನ್ನು ಕಲಿಯುವಂತೆ ಈ ಶ್ರಮವೂ ಒಂದು ತಪಸ್ಸು. ತನ್ನಲ್ಲಿ ಪೂರ್ಣನೆನಿಸಿಕೊಂಡವನು ಮತ್ತೆ ಮೊದಲನೆಯ ಪಾಠಕ್ಕೆ ಕುಳಿತುಕೊಳ್ಳುವುದಕ್ಕೆ ಹಣದಾಸೆಯೊಂದೇ ಸಾಲದು.

ಇಷ್ಟನ್ನು ಒಪ್ಪಿದರೆ, ವಿದ್ಯಾವಂತನಿಗೆ ಯಾವ ಬಂಧನವೂ ಇಲ್ಲವೆಂದಾಗುವುದಿಲ್ಲವೇ? ಹೆಚ್ಚು ದಕ್ಷಿಣೆ ಕಂಡಲ್ಲಿಗೆ ಹೋಗುವವನೇ ಧರ್ಮಾತ್ಮನೇ? ಹಾಗಲ್ಲ. ಈ ಸ್ಥಳದಲ್ಲಿ ಪ್ರಾಚೀನರ ಒಂದು ವಿವೇಕವು ಬಹಳ ಉಪಯುಕ್ತವಾಗಿದೆ. ಯಜ್ಞದಲ್ಲಿ ಋತ್ವಿಜನು ದಕ್ಷಿಣೆಯನ್ನು ಪಡೆದು ಪರರಿಗಾಗಿ ಕರ್ಮವನ್ನು ಮಾಡುವನು, ಫಲವು ಯಜಮಾನನಿಗೆ. ಇಂದು ಒಬ್ಬನ ಯಜ್ಞದಲ್ಲಿ ಹೋತೃವಾದವನು ಮುಂದಿನ ವರ್ಷ ಇನ್ನೊಬ್ಬನ ಯಜ್ಞದಲ್ಲಿ ಹೋತೃವಾದರೆ ಯಾವ ದೋಷವೂ ಇಲ್ಲ. ಆದರೆ ವರಣವನ್ನು ಸ್ವೀಕರಿಸಿದ ಮೇಲೆ ಕರ್ಮದ ನಡುವೆ ಎದ್ದು ಹೋಗುವಂತಿಲ್ಲ. ಇಷ್ಟೇ ಅಲ್ಲ, ಸಮರ್ಥನೂ ನಿರ್ದೋಷಿಯೂ ಆದ ಋತ್ವಿಜನನ್ನು ಕೈಬಿಟ್ಟ ಯಜಮಾನನಿಗೂ, ಅಂತಹ ಯಜಮಾನನನ್ನು ಕೈಬಿಟ್ಟ ಋತ್ವಿಜನಿಗೂ ಮನುವು ಒಂದೇ ಪ್ರಮಾಣದ ದಂಡವನ್ನು, ಅಂದರೆ ತಲೆಗೆ ನೂರು ಪಣಗಳನ್ನು, ವಿಧಿಸಿದ್ದಾನೆ. ದಂಡವು ಇಬ್ಬರಿಗೂ ಸಮವೆಂಬುದನ್ನು ಚೆನ್ನಾಗಿ ಗಮನಿಸಬೇಕು. ನಿಷ್ಠೆಯು ಕೆಳಗಿನಿಂದ ಮೇಲಕ್ಕೆ ಮಾತ್ರ ಹರಿಯತಕ್ಕುದೆಂದು ಆ ಶಾಸ್ತ್ರಕಾರನು ಭಾವಿಸಲಿಲ್ಲ.

ಈ ಅಳತೆಗೋಲಿನಿಂದ ನ್ಯೂಜಿಲೆಂಡಿನ ಸನ್ನಿ ಬಿಲ್ ವಿಲಿಯಮ್ಸನ ಚರಿತ್ರೆಯನ್ನು ಅಳೆಯಬಹುದು. ಆತನು ಸಿಡ್ನಿ ನಗರದ ಬುಲ್‌ಡಾಗ್ಸ್ ಎಂಬ ಲೀಗ್ ತಂಡದಲ್ಲಿ ೨೦೦೪ರಲ್ಲಿ ಕಿರಿಯ ವಯಸ್ಸಿನಲ್ಲಿಯೇ ಕೀರ್ತಿವಂತನಾದನು. ಆ ತಂಡದೊಡನೆ ದೀರ್ಘವಾದ ಒಪ್ಪಂದಕ್ಕೆ ಸಹಿ ಮಾಡಿ, ಅದರಲ್ಲಿ ಹಲವು ವರ್ಷಗಳು ಬಾಕಿ ಇರುವಾಗಲೇ, ೨೦೦೮ರ ಜುಲೈಯಲ್ಲಿ ಪಂದ್ಯಾವಳಿಯ ನಡುವೆ, ಜೊತೆಗಾರರಿಗೂ ಹೇಳದೆ ಫ್ರಾನ್ಸ್ ದೇಶದ ತೂಲೋನ್ ನಗರದ ಯೂನಿಯನ್ ತಂಡಕ್ಕೆ ಹೊರಟುಹೋದನು. ವ್ಯಾಜ್ಯವು ಹುಟ್ಟಿ, ಹಳೆಯ ತಂಡಕ್ಕೆ ಪರಿಹಾರದ್ರವ್ಯವು ಸಂದಿತು. ಮುಂದೆ ಆತನು ೨೦೧೧ರಲ್ಲಿಯೂ ೨೦೧೫ರಲ್ಲಿಯೂ ವಿಶ್ವಸ್ಪರ್ಧೆಯನ್ನು ಗೆದ್ದ ನ್ಯೂಜಿಲೆಂಡಿನ ಯೂನಿಯನ್ ತಂಡದಲ್ಲಿದ್ದನು. ನಡುವೆ ೨೦೧೩ರಲ್ಲಿ ಲೀಗಿಗೆ ಮರಳಿ ಸಿಡ್ನಿಯ ಮತ್ತೊಂದು ತಂಡದೊಡನೆ ವಿಜಯಿಯಾದನು. ಎರಡು ಪಂಥಗಳಲ್ಲಿಯೂ ಇಷ್ಟು ಎತ್ತರಕ್ಕೆ ಏರಿದವರು ವಿರಳ. ಆತನು ಪಂಥವನ್ನು ಬದಲಿಸಿದುದರಲ್ಲಿ ದೋಷವಿಲ್ಲ. ೨೦೧೩ರ ಬದಲಾವಣೆಯನ್ನು ಯಾರೂ ದ್ರೋಹವೆಂದು ಎಣಿಸಲಿಲ್ಲ. ದೋಷವಿರುವುದು ೨೦೦೮ರಲ್ಲಿ ಕೊಟ್ಟ ಮಾತು ಉಳಿದಿರುವಾಗ ಹೇಳದೆ ಹೊರಟುದರಲ್ಲಿ. ದ್ರವ್ಯದಿಂದ ಒಪ್ಪಂದದ ಸಾಲವು ತೀರಬಹುದು. ಮರುದಿನ ಆತನಿಲ್ಲದೆ ಆಡಬೇಕಾದ ಜೊತೆಗಾರನ ಮನಸ್ಸಿನ ಸಾಲವು ಅಷ್ಟು ಬೇಗ ತೀರುವುದಿಲ್ಲ.

ಕನ್ನಡನಾಡಿನಲ್ಲಿ ಈ ಬಗೆಯ ಎರಡು ಪಂಥಗಳ ಆಟವಿಲ್ಲದಿದ್ದರೂ, ತಂಡವನ್ನು ಬಿಟ್ಟು ಹೋಗಿ ಮರಳಿ ಬಂದ ಪ್ರಸಂಗವುಂಟು. ಕ್ರಿಕೆಟ್ ಆಟಗಾರರಾದ ಶ್ರೀ ಕರುಣ್ ನಾಯರ್ ಅವರು ೨೦೧೫ರಲ್ಲಿ ರಣಜಿ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ತಮಿಳುನಾಡಿನೆದುರು ೩೨೮ ಓಟಗಳನ್ನು ಗಳಿಸಿ ಕರ್ನಾಟಕದ ಗೆಲುವಿಗೆ ಕಾರಣರಾದರು. ೨೦೧೬ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನೆದುರು ಔಟಾಗದೆ ೩೦೩ ಓಟಗಳನ್ನು ಗಳಿಸಿದರು. ಕಾಲಚಕ್ರವು ತಿರುಗಿ, ೨೦೨೨ರಲ್ಲಿ ಅವರಿಗೆ ಕರ್ನಾಟಕದ ತಂಡದಲ್ಲಿಯೇ ಸ್ಥಾನವಿಲ್ಲದಂತಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಅವರು ಕ್ರಿಕೆಟ್ಟನ್ನೇ ಸಂಬೋಧಿಸಿ, ತನಗೆ ಇನ್ನೊಂದು ಅವಕಾಶವನ್ನು ಕೊಡಬೇಕೆಂದು ಬಹಿರಂಗವಾಗಿ ಬೇಡಿಕೊಂಡರು. ಆ ಬೇಡಿಕೆಯು ಯಾವ ಸಂಸ್ಥೆಗೂ ಯಾವ ಆಯ್ಕೆಗಾರನಿಗೂ ಅಲ್ಲ, ವಿದ್ಯೆಗೇ ಸಲ್ಲಿಸಿದುದು. ಆಟಗಾರನ ನಿಜವಾದ ಒಡೆಯನು ಯಾರೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯವು ದೊರೆಯದು.

ಒಂದು ರಾಜ್ಯದ ಆಟಗಾರನು ಇನ್ನೊಂದು ರಾಜ್ಯಕ್ಕೆ ಆಡಬೇಕಾದರೆ ಹಳೆಯ ಸಂಸ್ಥೆಯಿಂದ ನಿರಾಕ್ಷೇಪಣಾಪತ್ರವನ್ನು ಪಡೆಯಬೇಕೆಂಬುದು ನಿಯಮ. ನಾಯರ್ ಅವರು ೨೦೨೩ರಲ್ಲಿ ಹೀಗೆ ವಿದರ್ಭದ ತಂಡವನ್ನು ಸೇರಿದರು. ೨೦೨೪ರಲ್ಲಿ ಅದೇ ವಿದರ್ಭವು ನಾಗಪುರದಲ್ಲಿ ಕರ್ನಾಟಕವನ್ನು ಸೋಲಿಸಿತು. ಅವರು ತವರಿನ ಎದುರಾಳಿಗಳ ಸಾಲಿನಲ್ಲಿದ್ದರು. ೨೦೨೫ರಲ್ಲಿ ಕೇರಳದೆದುರಿನ ಅಂತಿಮ ಪಂದ್ಯದಲ್ಲಿ ಅವರು ೮೬ ಮತ್ತು ೧೩೫ ಓಟಗಳನ್ನು ಗಳಿಸಿದರು. ವಿದರ್ಭಕ್ಕೆ ರಣಜಿ ಪ್ರಶಸ್ತಿಯು ಬಂದಿತು. ಅದೇ ವರ್ಷ ಭಾರತದ ತಂಡದಲ್ಲಿಯೂ ಮತ್ತೆ ಸ್ಥಾನ ಪಡೆದು, ಮುಂದಿನ ಋತುವಿಗೆ ಕರ್ನಾಟಕಕ್ಕೆ ಮರಳಿದರು. ತವರನ್ನು ಎದುರಿಸಿ ಆಡಿದಾಗ ಕೈ ಸಡಿಲಿಸಿದ್ದರೆ ಅದು ತವರಿನ ಪ್ರೇಮವೆನಿಸುತ್ತಿರಲಿಲ್ಲ, ಅನ್ನವಿತ್ತ ವಿದರ್ಭಕ್ಕೆ ವಂಚನೆಯೆನಿಸುತ್ತಿತ್ತು. ತೊಟ್ಟ ಬಣ್ಣಕ್ಕೆ ತೊಟ್ಟಿರುವಷ್ಟು ಕಾಲ ಪೂರ್ಣವಾಗಿ ಸಲ್ಲುವುದೇ ಇಂದಿನ ಜೋಳವಾಳಿ.

ಇನ್ನು ಪುರಾಣೇತಿಹಾಸಗಳ ಮಾತು. ಕನ್ನಡಿಗರ ಮನಸ್ಸಿನಲ್ಲಿ ಪಕ್ಷನಿಷ್ಠೆಯೆಂದೊಡನೆ ಕರ್ಣನು ಬಂದು ನಿಲ್ಲುವನು. ತನ್ನ ಜನ್ಮರಹಸ್ಯವನ್ನು ಕೃಷ್ಣನು ತಿಳಿಸಿ, ಪಟ್ಟವನ್ನೇ ಕೊಡುವೆನೆಂದರೂ ಆತನು ಕದಲಲಿಲ್ಲ. ಆದರೆ ತುಂಬಿದ ಸಭೆಯಲ್ಲಿ ಕುಲವನ್ನು ಕೇಳಿ ನಕ್ಕ ಹೊತ್ತಿನಲ್ಲಿ ಕರ್ಣನ ತಲೆಗೆ ಕಿರೀಟವನ್ನಿಟ್ಟವನು ದುರ್ಯೋಧನನೆಂಬುದನ್ನು ಮರೆಯಬಾರದು. ಆ ಋಣವು ಜೋಳದ ಋಣಕ್ಕಿಂತ ದೊಡ್ಡದು. ವಿಭೀಷಣನಾದರೋ ಹಿತವನ್ನು ಹೇಳಿ, ತಿರಸ್ಕೃತನಾಗಿ, ಎಲ್ಲರಿಗೂ ಕಾಣುವಂತೆ ಹೊರಟನು. ಯುಯುತ್ಸುವು ಧೃತರಾಷ್ಟ್ರನ ಮಗನಾಗಿಯೂ, ಧರ್ಮರಾಯನು ಬಹಿರಂಗವಾಗಿ ಕರೆದಾಗ, ಯುದ್ಧವು ಪ್ರಾರಂಭವಾಗುವುದಕ್ಕೆ ಮುಂಚೆ ಎರಡು ಸೈನ್ಯಗಳ ನಡುವಣ ಬಯಲನ್ನು ದಾಟಿದನು. ಉಳಿದವನಿಗೂ ಹೊರಟವರಿಗೂ ಗೌರವವು ದೊರೆತಿದೆ. ಮೂವರಲ್ಲಿಯೂ ಸಮಾನವಾದುದು ಒಂದೇ: ಯಾರೂ ಕತ್ತಲಲ್ಲಿ ನಡೆಯಲಿಲ್ಲ.

ಆಟಗಾರನ ವಿಷಯದಲ್ಲಿ ಕನಿಕರಕ್ಕೆ ಇನ್ನೊಂದು ಕಾರಣವಿದೆ. ಮಲ್ಲಿತಮ್ಮನ ಹೆಸರು ಸುಮಾರು ಆರು ದಶಕಗಳ ಕೆಲಸದಲ್ಲಿ ಕಾಣುವುದು. ಉಳಿಯ ವಿದ್ಯೆಯು ವಯಸ್ಸಿನೊಡನೆ ಮಾಗುವುದು. ಆಟದ ವಿದ್ಯೆಯು ಹಾಗಲ್ಲ. ಇಪ್ಪತ್ತರಲ್ಲಿ ಅರಳಿ ಮೂವತ್ತೈದರಲ್ಲಿ ಬಾಡುವ ಹೂವದು. ಹದಿನೈದು ವರ್ಷಗಳ ಗಳಿಕೆಯಿಂದ ಮುಂದಿನ ನಲವತ್ತು ವರ್ಷಗಳನ್ನು ಕಳೆಯಬೇಕಾದವನನ್ನು, ಮನೆಯಲ್ಲಿ ಕುಳಿತು ನೋಡುವವರು ನಿಷ್ಠೆಯ ಹೆಸರಿನಲ್ಲಿ ಬೆಂಚಿನ ಮೇಲೆ ಕಾದಿರಬೇಕೆಂದು ಹೇಳುವುದು ಎಷ್ಟುಮಟ್ಟಿಗೆ ನ್ಯಾಯ? ನೋಡುವವರ ಪ್ರೀತಿಯು ನಿಜವಾದುದೇ. ಆದರೆ ಆ ಪ್ರೀತಿಯು ಆತನ ಅಕ್ಕಿಯ ಡಬ್ಬವನ್ನು ತುಂಬುವುದಿಲ್ಲ.

ಈ ವಿಚಾರವು ಆಟದ ಬಯಲಿಗೆ ಮಾತ್ರ ಸೇರಿದುದಲ್ಲ. ಒಂದು ಕಾರ್ಖಾನೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಮಗನು, ಒಂದು ಪಾಠಶಾಲೆಯಿಂದ ಮತ್ತೊಂದಕ್ಕೆ ಹೋಗುವ ಉಪಾಧ್ಯಾಯನು, ಒಬ್ಬ ಕಂಟ್ರಾಕ್ಟರನಿಂದ ಇನ್ನೊಬ್ಬನ ಬಳಿಗೆ ಹೋಗುವ ಗಾರೆಯವನು, ಇವರೆಲ್ಲರ ವಿಷಯದಲ್ಲಿಯೂ ಮನೆಮನೆಗಳಲ್ಲಿ ತೀರ್ಪುಗಳು ಹೊರಡುತ್ತಲೇ ಇರುವುವು. ತೀರ್ಪು ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ. ಕೊಟ್ಟ ಮಾತನ್ನು ಮುಗಿಸಿದನೇ, ಅಥವಾ ಕೇಳಿ ಬಿಡಿಸಿಕೊಂಡನೇ? ಇದ್ದಷ್ಟು ದಿನ ಕೈಯನ್ನು ಬಚ್ಚಿಡದೆ ದುಡಿದನೇ? ಹೋಗುವಾಗ ಮುಂಬಾಗಿಲಿನಿಂದ ಹೋದನೇ? ಈ ಮೂರಕ್ಕೂ ಹೌದೆಂಬ ಉತ್ತರವಿದ್ದರೆ ಆತನಲ್ಲಿ ದೋಷವನ್ನು ಹುಡುಕಬೇಕಾದುದಿಲ್ಲ.

ಆಮೇಲೆ ನಾಲ್ಕನೆಯ ಪ್ರಶ್ನೆಯೊಂದು ಉಳಿಯುವುದು. ಅದನ್ನು ಹೋದವನನ್ನು ಕೇಳತಕ್ಕುದಲ್ಲ. ಆತನನ್ನು ಕಳೆದುಕೊಂಡವರು ತಮ್ಮನ್ನೇ ಕೇಳಿಕೊಳ್ಳತಕ್ಕುದು. ಸಮರ್ಥನೂ ನಿರ್ದೋಷಿಯೂ ಆದವನನ್ನು ಇರಿಸಿಕೊಳ್ಳುವುದಕ್ಕೆ ತಾವು ಏನು ಮಾಡಿದೆವು? ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಸಂಸ್ಥೆಗಳೂ ಮನೆಗಳೂ ಇಂದಿಗೂ ಕಡಿಮೆ. ಹೋದವನನ್ನು ನಿಂದಿಸುವ ಬಾಯಿಗಳು ಮಾತ್ರ ಹೇರಳ. ನೂರು ಪಣಗಳ ದಂಡವನ್ನು ಇಬ್ಬರಿಗೂ ಸಮವಾಗಿ ಹಂಚಿದ ಪ್ರಾಚೀನರ ತಕ್ಕಡಿಯನ್ನು ಹೊರತೆಗೆದು ಮತ್ತೆ ಬಳಸುವ ಕಾಲವು ಬಂದಿದೆ.